ದೊರೆಗೆ ಭಾವ ಮಾಡಿದ ಕಟಿಂಗ್

ನಮ್ಮ ಭಾವ ಜನರನ್ನು ಗುರುತು ಹಿಡಿಯುವುದು ಹಿಂದಿನಿಂದ. ಎದುರಿಗೆ ಬಂದು ನಮಸ್ಕಾರ ಎಂದವರನ್ನು ಯಾವ ಊರಿನವರೋ ಎಂಬಂತೆ ಪಿಳಿಪಿಳಿ ನೋಡುತ್ತಾರೆ. ಅವರು ಮುಖ ಸಪ್ಪಗೆ ಮಾಡಿಕೊಂಡು ತಿರುಗಿ ಹೊರಟರೋ, "ಅಯ್ಯೋ, ನೀವಾ! ಬನ್ನಿ ಬನ್ನಿ" ಎಂದು ಕೂಗುತ್ತಾರೆ. ಕ್ಷೌರದಂಗಡಿಯ ಕುರ್ಚಿಯ ಹಿಂದೆ ನಿಂತೇ ವಯಸ್ಸು ಕಳೆದವರು. ಈ ಊರಿನ ಗಂಡಸರ ಕತ್ತು, ಕಿವಿಯ ಹಿಂಭಾಗ, ನೆತ್ತಿಯ ಸುಳಿ ಎಲ್ಲ ಅವರಿಗೆ ಬಾಯಿಪಾಠ. "ಎದುರಿಗೆ ಗೋಡೆಯಷ್ಟು ದೊಡ್ಡ ಕನ್ನಡಿ ಇದೆಯಲ್ಲ ಭಾವ, ಅದ್ರಲ್ಲಿ ಮುಖ ಕಾಣಲ್ವಾ?" ಎಂದು ನಾನೊಮ್ಮೆ ಕೇಳಿದ್ದೆ. ಕೇಳಬಾರದಿತ್ತು. ಕನ್ನಡಿಯಲ್ಲಿ ಅವರು ನೋಡುವುದು ತಮ್ಮ ಮುಖವನ್ನು.

ನಾನು ಅವರ ಹೆಂಡತಿಯ ತಂಗಿ. ಅವರ ಅಂಗಡಿಗೆ ಅಂಟಿಕೊಂಡೇ ನನ್ನ ಟೈಲರ್ ಅಂಗಡಿ, ನಡುವೆ ಒಂದು ಪ್ಲೈವುಡ್ ಹಲಗೆ. ಎರಡರ ಹಿಂದೆ ಅಕ್ಕ-ಭಾವನ ಮನೆ, ಅದರ ಹಿಂದೆ ಪುಟ್ಟ ಹಿತ್ತಲು. ನಾನು ಹೊಲಿದ ಬಟ್ಟೆಗಳಿಗೆ ಗುಂಡಿ, ಹುಕ್ಕು ಹಾಕಿ ಇಸ್ತ್ರಿ ಮಾಡಿಕೊಡುವುದು ಅಕ್ಕ. ಹಲಗೆಯ ಈ ಕಡೆ ನಾನು ಬಟ್ಟೆ ಕತ್ತರಿಸುತ್ತೇನೆ, ಆ ಕಡೆ ಭಾವ ಕೂದಲು ಕತ್ತರಿಸುತ್ತಾರೆ. ವ್ಯತ್ಯಾಸ ಇಷ್ಟೇ, ನಾನು ಕೇಳಿ ಕತ್ತರಿಸುತ್ತೇನೆ.

"ಎಷ್ಟು ತೆಗೀಲಿ?" ಎಂದು ಭಾವ ಗಿರಾಕಿಯನ್ನು ಕೇಳಿದ್ದನ್ನು ಈ ಬೀದಿಯಲ್ಲಿ ಯಾರೂ ಕಂಡಿಲ್ಲ. ಕಟಿಂಗ್ ಮುಗಿಯಿತೆಂದು ಏಳಹೊರಟವರ ಹೆಗಲು ಒತ್ತಿ ಮತ್ತೆ ಕೂರಿಸುತ್ತಾರೆ. "ಇಲ್ಲೊಂಚೂರು ಹಗುರ ಮಾಡ್ತೀನಿ" ಎನ್ನುತ್ತಾರೆ. ಅಲ್ಲಿಗೆ ಹುಬ್ಬು ಹೋಯಿತು, ಕಿವಿಯ ಮುಂದಿನ ಕೃದಾ ಹೋಯಿತು, ಕಿವಿಯ ಮೇಲಿನ ಪೊದೆ ಹೋಯಿತು. ಮದುವೆಗೆಂದು ವರ್ಷಗಟ್ಟಲೆ ಗಡ್ಡ ಬಿಟ್ಟಿದ್ದ ಹುಡುಗನೊಬ್ಬ ಬರಿಗೆನ್ನೆಯಲ್ಲಿ ಎದ್ದುಹೋಗಿ ಹೆಣ್ಣಿನ ಕಡೆಯವರಿಗೆ ಗುರುತು ಸಿಗದೆ ಒದ್ದಾಡಿದ. ಹಾಗಿದ್ದೂ ಜನ ಇವರ ಹತ್ತಿರವೇ ಬರುತ್ತಾರೆ, ಏಕೆಂದರೆ ಕೈಚಳಕ ಮಾತ್ರ ಸುಳ್ಳಲ್ಲ. ನಮ್ಮ ಅಂಚೆಯಣ್ಣ, ಅಂದರೆ ಈ ಭಾಗಕ್ಕೆ ಟಪಾಲು ಹಂಚುವವರು, ದಿನ ಬಿಟ್ಟು ದಿನ ಗಡ್ಡ ಹೆರೆಸಿಕೊಳ್ಳಲು ಬರುತ್ತಾರೆ. ಅವರದು ಹುರಿ ಮಾಡಿದ ದೊಡ್ಡ ಮೀಸೆ. ಕುರ್ಚಿಯಲ್ಲಿ ಕೂತ ಕ್ಷಣದಿಂದ ಏಳುವವರೆಗೆ ಒಂದು ಕೈಯಲ್ಲಿ ಮೀಸೆ ಮುಚ್ಚಿಕೊಂಡೇ ಇರುತ್ತಾರೆ. ಭಾವ ಆ ಕೈಯ ಸುತ್ತ ಕ್ಷೌರ ಮಾಡುತ್ತಾರೆ.

ಇಂಥವರ ಕೈಗೆ, ಮೈತುಂಬ ಕೂದಲಿರುವ ಪ್ರಾಣಿಯೊಂದು ಸಿಕ್ಕಿತು.

ಅದನ್ನು ತಂದದ್ದು ಬ್ಯಾಂಕಿನ ಮ್ಯಾನೇಜರು. ಹಿಮದ ನಾಡಿನಲ್ಲಿ ಚಕ್ರವಿಲ್ಲದ ಗಾಡಿ ಎಳೆಯುವ ಹಸ್ಕಿ ಜಾತಿಯ ನಾಯಿಮರಿಯನ್ನು ಅವರು ಫೋಟೋ ನೋಡಿ ತರಿಸಿದ್ದರು. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಸಾಕಿದರು. ಅದು ಮೊದಲು ಸೋಫಾ ತಿಂದಿತು, ಆಮೇಲೆ ಬಾಗಿಲಿನ ಚೌಕಟ್ಟು ತಿಂದಿತು, ಅವರ ಹೆಂಡತಿಯ ಚಪ್ಪಲಿಗಳಲ್ಲಿ ಎಡಗಾಲಿನದನ್ನು ಮಾತ್ರ ಆರಿಸಿ ತಿಂದಿತು. ಮನೆಯವರು ಹೊರಗೆ ಹೋದರೆ ಕಟ್ಟಡವೆಲ್ಲ ಕೇಳುವಂತೆ ಊಳಿಟ್ಟಿತು. ಮ್ಯಾನೇಜರು ಭಾವನ ಕುರ್ಚಿಯಲ್ಲಿ ಕೂತು, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ಅಳುವುದೊಂದು ಬಾಕಿ.

"ಯಾರಾದ್ರೂ ಸಾಕೋರಿದ್ರೆ ಹೇಳಿ ಮಾಸ್ಟ್ರೇ. ಒಳ್ಳೆ ಮನೆಗೆ ಹೋದ್ರೆ ಸಾಕು."

ಭಾವನ ಕತ್ತರಿ ಗಾಳಿಯಲ್ಲಿ ನಿಂತಿತು. "ಯಾರೋ ಯಾಕ್ರೀ ಸಾರ್, ನಾನಿಲ್ವಾ?"

ಅಕ್ಕ-ಭಾವನಿಗೆ ಮಕ್ಕಳಿಲ್ಲ. ಇದನ್ನು ಹೇಳಿದ ಕೂಡಲೇ "ಓ, ಅದಕ್ಕೇ ನಾಯಿ" ಎಂದು ನೀವು ತಲೆಯಾಡಿಸುತ್ತೀರಿ. ಆಡಿಸಬೇಡಿ. ಅಕ್ಕನಿಗೆ ನಾಯಿ ಸುತಾರಾಂ ಬೇಕಿರಲಿಲ್ಲ. ಭಾವನಿಗೂ ಅರ್ಧ ನಿಮಿಷದ ಹಿಂದಿನವರೆಗೆ ಬೇಕಿರಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು, ಅವರೆದುರು ದೊಡ್ಡ ಮಾತಾಡುವ ಅವಕಾಶ ಬಂತು, ಅಷ್ಟೆ.

"ರೀ, ಇದೇನ್ರೀ ತೋಳ ಕಟ್ಕೊಂಡು ಬಂದಿದೀರಾ!" ಎಂದಳು ಅಕ್ಕ.

"ನೋಡು ಹೇಗೆ ನಿಂತಿದಾನೆ, ದೊರೆ ಥರ" ಎಂದರು ಭಾವ. ಹಾಗೆ ಅವನಿಗೆ ದೊರೆ ಎಂದೇ ಹೆಸರಾಯಿತು.

ಹಸ್ಕಿ ಎಂದರೆ ನೀಲಿ ಕಣ್ಣು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ದೊರೆಯದು ನಮ್ಮ ನಿಮ್ಮಂತೆ ಕಂದು ಕಣ್ಣು. ಉಳಿದದ್ದೆಲ್ಲ ಫೋಟೋದಲ್ಲಿದ್ದ ಹಾಗೇ ಇತ್ತು. ಬೂದು-ಬಿಳಿ ಬಣ್ಣದ ದಟ್ಟ ಕೂದಲು, ಚೂಪಗೆ ನಿಂತ ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿಕೊಳ್ಳುವ ಪೊರಕೆ ಬಾಲ. ಭಾವ ಅವನ ದೊಡ್ಡ ಫೋಟೋ ತೆಗೆಸಿ, ಗೋಡೆಯ ಮೇಲೆ ಹೊಸ ನಮೂನೆಯ ಕಟಿಂಗ್‌ಗಳ ಚಿತ್ರಗಳಿದ್ದವಲ್ಲ, ಅವುಗಳ ಸಾಲಿನಲ್ಲೇ ಅಂಟಿಸಿದರು. ಗಿರಾಕಿಗಳಲ್ಲಿ ಒಬ್ಬರು ಆ ಕಟಿಂಗ್ ಮಾಡಿ ಎಂದು ಕೇಳಿದರೆಂದು ಭಾವ ಹೇಳುತ್ತಾರೆ. ನಾನು ನಂಬಿಲ್ಲ.

ಮರುದಿನ ಬೆಳಗ್ಗೆ ಭಾವ ಅವನನ್ನು ಸುತ್ತಾಡಿಸಲು ಹೊರಟರು. ಕೈಗೆ ಶ್ರಮವೇಕೆಂದು ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡರು. ಎಳೆಯುವುದಕ್ಕೇ ಹುಟ್ಟಿದ ಜಾತಿ ಅದು. ಮೈಗೆ ಹಗ್ಗ ಬಿದ್ದರೆ ಹಿಂದೆ ಇರುವುದು ಗಾಡಿ ಎಂದೇ ಅದರ ತಿಳುವಳಿಕೆ. ಭಾವ ಗಾಡಿಯಾದರು. ಹಾಲಿನವನ ಸೈಕಲ್ ದಾಟಿ, ಶಾಲೆಯ ಗೇಟು ದಾಟಿ, ಒಂದು ಚಪ್ಪಲಿ ಇಲ್ಲಿ, ಇನ್ನೊಂದು ಅಲ್ಲಿ. ಅಂಚೆಯಣ್ಣ ಎದುರಾದರಂತೆ, "ಎಲ್ಲಿಗೆ ಮಾಸ್ಟ್ರೇ?" ಎಂದು ಕೇಳಿದರಂತೆ. ಭಾವ ದೊರೆಯ ಕಡೆ ಕೈ ತೋರಿಸಿ, "ಅವನ್ನ ಕೇಳಿ!" ಎಂದು ಹಾದುಹೋದರಂತೆ.

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ನಾಲಿಗೆ ಹೊರಬರುವಷ್ಟು ಓಡಿಸದಿದ್ದರೆ ದೊರೆ ಮನುಷ್ಯನಾಗಿರುತ್ತಿರಲಿಲ್ಲ. ಓಟ ತಪ್ಪಿದ ದಿನ ಹಿತ್ತಲಲ್ಲಿ ಬಾವಿ ತೋಡಲು ಶುರು ಮಾಡುತ್ತಿದ್ದ. ಕೊನೆಗೆ ಭಾವ ಸೈಕಲ್ ಹತ್ತಿದರು, ಪೆಡಲ್ ತುಳಿಯುವ ಕೆಲಸ ಮಾತ್ರ ಇರಲಿಲ್ಲ. ನಡೆಯಬೇಕೆಂದು ಡಾಕ್ಟರು ಬಾಯಿ ಬಡಿದುಕೊಂಡರೂ ಜಪ್ಪಯ್ಯ ಎನ್ನದ ಅಕ್ಕ, ಗಂಡ ಎಲ್ಲಿ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾನೋ ಎಂದು ಹಿಂದೆ ಹಿಂದೆ ನಡೆದೂ ನಡೆದೂ ಸಕ್ಕರೆ ಕಾಯಿಲೆಯನ್ನು ಹಿಡಿತಕ್ಕೆ ತಂದುಕೊಂಡಳು.

ದೊರೆ ಬೊಗಳುವುದಿಲ್ಲ, ವಾದ ಮಾಡುತ್ತಾನೆ. "ಕೂತ್ಕೋ" ಎಂದರೆ ಕತ್ತು ಮೇಲೆತ್ತಿ "ಆವೂ ವೂವ್ ರೂ" ಎಂದು ಉದ್ದಕ್ಕೆ ಉತ್ತರ ಕೊಟ್ಟು, ಕೊನೆಯ ಮಾತು ತನ್ನದೇ ಎಂದು ಖಚಿತವಾದ ಮೇಲೆ ಕೂರುತ್ತಾನೆ. "ನಿಮ್ಮ ಜೊತೆ ಸೇರಿ ಕಲ್ತಿದ್ದು" ಎನ್ನುತ್ತಿದ್ದಳು ಅಕ್ಕ. ಇನ್ನು ಕಾವಲಿನ ವಿಷಯ. ಅಂಗಡಿಗೆ ಬಂದವರೆಲ್ಲ ಅವನ ನೆಂಟರು. ಒಮ್ಮೆ ಯಾರೋ ಭಾವನ ಸೈಕಲ್ ಕದ್ದಾಗ ದೊರೆ ಕಳ್ಳನ ಕೈ ನೆಕ್ಕಿ, ರಸ್ತೆಯ ತಿರುವಿನವರೆಗೆ ಜೊತೆಗೆ ಹೋಗಿ ಬೀಳ್ಕೊಟ್ಟು ಬಂದಿದ್ದ. ಕಂಬಿ ಕೀಳುವುದರಲ್ಲಂತೂ ಪಂಡಿತ. ಚಿಲಕ ಮೂತಿಯಿಂದ ಎತ್ತುತ್ತಾನೆ, ಗೋಡೆ ಹಾರುತ್ತಾನೆ, ಗೋಡೆ ಎತ್ತರಿಸಿದರೆ ಅಡಿಯಿಂದ ತೋಡುತ್ತಾನೆ. ಒಮ್ಮೆ ಓಡಿದನೆಂದರೆ ಕರೆದದ್ದು ಕಿವಿಗೇ ಬೀಳುವುದಿಲ್ಲ.

ಇಷ್ಟೆಲ್ಲ ಹೇಗೋ ನಡೆಯುತ್ತಿತ್ತು. ಬೇಸಿಗೆ ಬಂತು, ದೊರೆಯ ಕೂದಲು ಉದುರಲು ಶುರುವಾಯಿತು.

ಈ ಜಾತಿಗೆ ಕೂದಲು ಎರಡು ಪದರ. ಮೇಲೆ ಉದ್ದನೆಯ ಗಡುಸು ಕೂದಲು, ಒಳಗೆ ಹತ್ತಿಯಂಥ ಮೆತ್ತನೆಯದು. ಋತು ತಿರುಗಿದಾಗ ಒಳಗಿನ ಹತ್ತಿ ಕಂತೆ ಕಂತೆಯಾಗಿ ಹೊರಬೀಳುತ್ತದೆ. ಪ್ಲೈವುಡ್ ಹಲಗೆಯ ಸಂದಿಯಿಂದ ಅದು ನನ್ನ ಅಂಗಡಿಗೆ ಹಾರಿಬಂತು. ನನ್ನ ಮೆಷಿನ್ನಿನ ಚಕ್ರಕ್ಕೆ ಸುತ್ತಿಕೊಂಡಿತು, ದಾರದ ಉಂಡೆಗೆ ಅಂಟಿತು. ವಕೀಲರೊಬ್ಬರ ಹೊಸ ಕರಿಕೋಟನ್ನು ಅಕ್ಕ ಎಷ್ಟು ಝಾಡಿಸಿ ಕೊಟ್ಟಿದ್ದರೂ ಅವರು ಕೋರ್ಟಿನಲ್ಲಿ ಎದ್ದು ನಿಂತಾಗ ಫ್ಯಾನಿನ ಗಾಳಿಗೆ ಬಿಳಿ ಕೂದಲು ಎದ್ದು ಜಡ್ಜ್ ಸಾಹೇಬರಿಗೆ ಸೀನು ಹತ್ತಿತಂತೆ. ವಕೀಲರು ನೇರ ನನ್ನ ಅಂಗಡಿಗೆ ಬಂದು ಮಂಗಳಾರತಿ ಎತ್ತಿದರು. ನಾನು ಅದನ್ನು ಹಾಗೇ ಬಿಸಿಬಿಸಿಯಾಗಿ ಹಲಗೆಯ ಆಚೆಗೆ ದಾಟಿಸಿದೆ.

"ಭಾವ, ಒಂದೋ ಇಲ್ಲಿ ನಿಮ್ಮ ನಾಯಿ ಇರ್ಬೇಕು, ಇಲ್ಲಾ ನನ್ನ ಅಂಗಡಿ ಇರ್ಬೇಕು!"

ನಾನು ಹೇಳಿದ್ದರಲ್ಲಿ ಏನೂ ತಪ್ಪಿಲ್ಲ. ಅವನ ಕೂದಲು ಬಾಚಿ ಎಂಬ ಅರ್ಥದಲ್ಲಿ ಹೇಳಿದ್ದೆ. ಸೂಜಿ ಹಾಕಿಸಲು ಹೋದಾಗ ಪಶುವೈದ್ಯೆ ಅದನ್ನೇ ಬಿಡಿಸಿ ಹೇಳಿದ್ದರು. ದಿನಾ ಬಾಚಬೇಕು, ನೆರಳಲ್ಲಿ ಇಡಬೇಕು, ಕುಡಿಯಲು ತಣ್ಣೀರು ಸದಾ ಇರಬೇಕು, ಬಿಸಿಲೇರುವ ಮೊದಲೇ ಓಡಿಸಿಕೊಂಡು ಬರಬೇಕು, ಏನೇ ಆದರೂ ಕೂದಲು ಮಾತ್ರ ಕತ್ತರಿಸಬಾರದು. ಅಕ್ಕ ಇದನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿದ್ದಳು. ಭಾವ ಹಲ್ಲು ಕಿರಿದಿದ್ದರು. "ಸೂಜಿ ವಿಷ್ಯ ಅವ್ರು ಹೇಳ್ಲಿ, ಕೇಳ್ತೀನಿ. ಕೂದಲ ವಿಷ್ಯ ನನಗೆ ಹೇಳ್ಕೊಡೋರು ಇನ್ನೂ ಹುಟ್ಟಿಲ್ಲ."

ಅಕ್ಕ ಯಾರನ್ನೋ ನೋಡಲು ಆಸ್ಪತ್ರೆಗೆ ಹೋಗಿದ್ದ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಭಾವ ಅಂಗಡಿಯ ಬಾಗಿಲು ಅರ್ಧ ಎಳೆದರು. ದೊರೆ ನೆಲದ ಮೇಲೆ ಏದುಸಿರು ಬಿಡುತ್ತ ಮಲಗಿದ್ದ. ಅದು ಅವರಿಂದ ನೋಡಲಾಗಲಿಲ್ಲ. ಉಣ್ಣೆ ಕೋಟು ಹಾಕಿಕೊಂಡು ಬೇಸಿಗೆಯಲ್ಲಿ ಕೂತವನನ್ನು ಕಂಡರೆ ಯಾರಿಗಾದರೂ ಅನಿಸುವುದೇ ಅವರಿಗೂ ಅನಿಸಿತು. "ಬಾರೋ ರಾಜ, ಒಂಚೂರು ಹಗುರ ಮಾಡ್ತೀನಿ" ಎಂದದ್ದು ನನಗೆ ಹಲಗೆಯ ಈ ಕಡೆ ಕೇಳಿಸಿತು. ಯಾರೋ ಗಿರಾಕಿ ಇರಬೇಕೆಂದುಕೊಂಡೆ. ಆಮೇಲೆ ಕಟಿಂಗ್ ಮೆಷಿನ್ನಿನ ಗುಯ್ ಶಬ್ದ, ಅದಕ್ಕೆ ಶ್ರುತಿ ಸೇರಿಸಿದಂತೆ ದೊರೆಯ ಹಾಡು.

ಅಕ್ಕ ಬಂದಾಗ ಅಂಗಡಿಯ ನೆಲದಲ್ಲಿ ಎರಡು ನಾಯಿಗಾಗುವಷ್ಟು ಕೂದಲು ಬಿದ್ದಿತ್ತು. ನಡುವೆ ನಿಂತಿದ್ದುದು ಒಂದೇ ನಾಯಿ, ಅದೂ ಅರ್ಧ. ಕಿವಿಯಿಂದ ಬಾಲದ ತುದಿಯವರೆಗೆ ಬೋಳು. ಮೈ ತೆಳ್ಳಗೆ, ಗುಲಾಬಿ ಬಣ್ಣ. ಮೆಷಿನ್ನು ನಡುವೆ ಕಾದು ಸಿಕ್ಕಿಹಾಕಿಕೊಂಡಿದ್ದರಿಂದ ಎಡಭುಜದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು. ಪೊರಕೆ ಬಾಲ ಹೋಗಿ ಇಲಿಬಾಲವಾಗಿತ್ತು. ದೊರೆ ಮಾತ್ರ ಏನೂ ಆಗದವನಂತೆ ಅಕ್ಕನ ಕೈ ನೆಕ್ಕಿದ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಭಾವ ಉಳಿಯುತ್ತಿದ್ದರು. "ನಡೀರಿ ಡಾಕ್ಟ್ರ ಹತ್ರ" ಎಂದಳು.

ಪಶುವೈದ್ಯೆ ಅಕ್ಕನ ಪಾಲಿನದನ್ನೂ ಸೇರಿಸಿ ಬೈದರು. "ಯಾವನ್ರೀ ಬೋಳಿಸಿದ್ದು? ಇದು ಕಂಬಳಿ ಅಲ್ಲ ಕಣ್ರೀ, ಫ್ಲಾಸ್ಕು. ಚಳೀಲಿ ಚಳಿ ಒಳಗೆ ಬಿಡಲ್ಲ, ಬಿಸಿಲಲ್ಲಿ ಬಿಸಿಲು ಒಳಗೆ ಬಿಡಲ್ಲ. ಅದನ್ನ ಕಿತ್ತು ಬಿಸಾಕಿದೀರಲ್ಲ! ಈಗ ಇವನ್ನ ಹಗಲು ಹೊತ್ತು ಹೊರಗೆ ಬಿಟ್ರೆ ಚರ್ಮ ಸುಟ್ಟುಹೋಗತ್ತೆ. ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿದ್ರೆ ಜೀವಾನೇ ಹೋಗತ್ತೆ."

"ಕೂದ್ಲು ಮತ್ತೆ ಬರತ್ತಲ್ಲ ಮೇಡಂ?" ಎಂದರು ಭಾವ. ಆ ಪ್ರಶ್ನೆ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

"ಬಂದ್ರೂ ಬರಬಹುದು. ಬರದೇನೂ ಇರಬಹುದು."

ಆ ದಿನದಿಂದ ಭಾವನ ದೊಡ್ಡ ಬಾಯಿಗೆ ಬೀಗ ಬಿತ್ತು. ಪೂರ್ತಿ ಬಿದ್ದಿದ್ದರೆ ಚೆನ್ನಾಗಿತ್ತು. ಆದರೆ ಅಂಗಡಿಗೆ ಬಂದವರು "ದೊರೆ ಎಲ್ಲಿ?" ಎಂದು ಕೇಳಿದಾಗ, "ಸೆಕೆ ಅಲ್ವಾ, ಬೆಟ್ಟದ ಕಡೆ ನೆಂಟರ ಮನೆಗೆ ಕಳ್ಸಿದೀನಿ. ಹವಾ ಬದಲಾಗ್ಲಿ" ಎಂದುಬಿಟ್ಟರು. ಬೆಟ್ಟದ ಕಡೆ ನಮಗೆ ಯಾವ ನೆಂಟರೂ ಇಲ್ಲ. ದೊರೆ ಇದ್ದದ್ದು ಹಿಂದಿನ ಕೋಣೆಯಲ್ಲಿ, ಪರದೆಯ ಹಿಂದೆ. ಗೋಡೆಯ ಮೇಲಿನ ಫೋಟೋ ತೆಗೆದರೆ ಜನ ಕೇಳುತ್ತಾರೆಂದು ಅದನ್ನೂ ಹಾಗೇ ಬಿಟ್ಟರು. ತಾನು ಮಾಡಿದ ಕಟಿಂಗ್ ಹೊರಗೆ ತೋರಿಸಲು ನಾಚಿಕೆಪಟ್ಟ ಕ್ಷೌರಿಕನನ್ನು ನಾನು ನೋಡಿದ್ದು ಅದೇ ಮೊದಲು. ಮುಂಜಾನೆಯ ಓಟವೂ ನಿಂತಿತು. "ಬೆಳಗ್ಗೆ ಬೇಗ ಬಿಸಿಲಿರಲ್ವಲ್ಲ, ಕರ್ಕೊಂಡು ಹೋಗ್ರೀ" ಎಂದು ಅಕ್ಕ ಎಷ್ಟು ಹೇಳಿದರೂ, "ಹಾಲಿನವನು ನೋಡ್ತಾನೆ ಕಣೇ" ಎಂದರು.

ನಾನು ದೊರೆಗೊಂದು ಹತ್ತಿಯ ಅಂಗಿ ಹೊಲಿದೆ. ಅಳತೆ ತೆಗೆಯುವಾಗ ಎದೆಯ ಸುತ್ತಳತೆಗೆ ಟೇಪು ಸುತ್ತಿದೆ, ಅವನು ಟೇಪಿನ ತುದಿಯನ್ನು ಅಗಿದ. ಆ ಬೋಳು ಮೈ ಮುಟ್ಟಿದಾಗ ಬಿಸಿಯಾಗಿತ್ತು, ಹೃದಯ ಡಬಡಬ ಹೊಡೆದುಕೊಳ್ಳುತ್ತಿತ್ತು. ನನ್ನ ಅಂಗಡಿಯ ಶತ್ರು ಅವನು. ಆದರೂ ಒಳಗೆ ಚುಚ್ಚದಿರಲೆಂದು ಹೊಲಿಗೆಗಳನ್ನೆಲ್ಲ ಮಡಿಚಿ ಹಾಕಿದೆ.

ಓಡಲೆಂದೇ ಹುಟ್ಟಿದವನನ್ನು ಪರದೆಯ ಹಿಂದೆ ಎಷ್ಟು ದಿನ ಇಡುತ್ತೀರಿ? ಒಂದು ಬೆಳಗ್ಗೆ, ಭಾವ ಅಂಚೆಯಣ್ಣನ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚಿದ್ದಾಗ, ಒಳಗಿನಿಂದ ಅಕ್ಕ ಚೀರಿದಳು. ಹಿತ್ತಲ ಬಾಗಿಲಿನ ಚಿಲಕ ಎದ್ದಿತ್ತು. ನಾನು ಹೊಲಿದ ಅಂಗಿ ಗೋಡೆಯ ಮೇಲಿನ ಮೊಳೆಗೆ ನೇತಾಡುತ್ತಿತ್ತು. ದೊರೆ ಕಾಲಿಗೆ ಬುದ್ಧಿ ಹೇಳಿದ್ದ.

ಭಾವ ಕತ್ತಿಯನ್ನು ಬಟ್ಟಲಿಗೆ ಎಸೆದು, ಗೋಡೆಯ ಫೋಟೋ ಕಿತ್ತುಕೊಂಡು ಬೀದಿಗಿಳಿದರು. ಹಿಂದೆ ಅಕ್ಕ, ಅವಳ ಹಿಂದೆ ನಾನು.

ಎಲ್ಲ ಅಂಗಡಿಗಳ ಮುಂದೆಯೂ ಅದೇ ಮಾತು. "ದೊರೆ ಕಂಡ್ನಾ?" ಎಂದು ಭಾವ ಫೋಟೋ ಹಿಡಿಯುವುದು. "ಅವ್ನು ಬೆಟ್ಟಕ್ಕೆ ಹೋಗಿದಾನಲ್ವಾ ಮಾಸ್ಟ್ರೇ?" ಎಂದು ಅವರು ಕೇಳುವುದು. "ವಾಪಸ್ ಬಂದ, ಬಂದು ಓಡಿಹೋದ." "ಅಷ್ಟು ದೊಡ್ಡ ಪೊದೆಯಂಥ ನಾಯಿ ಈ ಕಡೆ ಬಂದಿದ್ರೆ ಕಾಣ್ತಿರ್ಲಿಲ್ವಾ?" ಎಂದು ಅವರು ತಲೆ ಅಲ್ಲಾಡಿಸುವುದು. ಪಾಪ, ಎಲ್ಲರೂ ಹುಡುಕಲು ಕೈಜೋಡಿಸಿದರು. ಊರಿಗೆ ಊರೇ ಇಲ್ಲದ ಕೂದಲನ್ನು ಹುಡುಕುತ್ತಿತ್ತು.

ಬಿಸಿಲು ಏರುತ್ತಿತ್ತು. ರಸ್ತೆಯ ಟಾರು ಚಪ್ಪಲಿಗೆ ಅಂಟಲು ಶುರುವಾಗಿತ್ತು. ನನಗೆ ತಡೆಯಲಾಗಲಿಲ್ಲ. "ಭಾವ, ಬೋಳಿಸಿದೀನಿ ಅಂತ ಹೇಳಿ! ಇಲ್ದಿದ್ರೆ ಕಣ್ಮುಂದೆ ಹಾದುಹೋದ್ರೂ ಯಾರೂ ಹೇಳಲ್ಲ!"

"ಹೇಳ್ತೀನಿ, ತಡಿ" ಎಂದರು. ಹೇಳಲಿಲ್ಲ. ಇಡೀ ಊರಿನ ತಲೆ ಅವರ ಕೈಯಲ್ಲಿದೆ. ಒಂದು ಮಾತಾಡಿದರೆ ನಾಳೆಯಿಂದ ಕುರ್ಚಿಯಲ್ಲಿ ಕೂತವರೆಲ್ಲ ದೊರೆಯನ್ನು ನೆನೆದುಕೊಂಡು ಕತ್ತು ಕುಗ್ಗಿಸಿಕೊಳ್ಳುತ್ತಾರೆ. ಆ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ಅಕ್ಕ ಅವರ ಮುಖವನ್ನೇ ನೋಡುತ್ತ ನಡೆದಳು.

ಸೇತುವೆಯ ಹತ್ತಿರ ಹಾಲಿನವನು ಸಿಕ್ಕಿದ. ಫೋಟೋ ನೋಡಿ ಇಲ್ಲ ಎಂದ. ನಾವು ಮುಂದೆ ಹೋಗುವಷ್ಟರಲ್ಲಿ ಹಿಂದಿನಿಂದ ಹೇಳಿದ, "ನಾಯಿ ಅಂದ್ರೆ ಒಂದು ಕಂಡೆ. ಕಜ್ಜಿ ನಾಯಿ, ಮೈಮೇಲೆ ಒಂದು ಕೂದ್ಲಿಲ್ಲ. ಮೀನು ಮಾರ್ಕೆಟ್ ಕಡೆ ಓಡ್ತಿತ್ತು. ಅದು ನಿಮ್ದಲ್ಲ ಬಿಡಿ."

ಭಾವ ಓಡಿದರು. ಹಗ್ಗ ಕಟ್ಟಿ ಎಳೆಯುವವರಿಲ್ಲದೆ ಅವರು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ.

ಮೀನು ಮಾರುಕಟ್ಟೆ ತಗಡಿನ ಚಾವಣಿಯ ಉದ್ದನೆಯ ಕಟ್ಟೆ. ತುದಿಯಲ್ಲಿ ಲಾರಿಯಿಂದ ಇಳಿಸಿದ ಮಂಜುಗಡ್ಡೆಯ ಪುಡಿಯನ್ನು ರಾಶಿ ಹಾಕಿರುತ್ತಾರೆ. ಆ ರಾಶಿಯ ಮೇಲೆ ನಾಲ್ಕೂ ಕಾಲು ಚಾಚಿ, ಹೊಟ್ಟೆ ಅಡಿಯಾಗಿ ದೊರೆ ಮಲಗಿದ್ದ. ಬೆನ್ನ ಮೇಲೆ ಒದ್ದೆ ಗೋಣಿಚೀಲ. ಗೋಣಿಚೀಲದ ಹೊರಗಿದ್ದ ಚರ್ಮ ಅಲ್ಲಲ್ಲಿ ಕೆಂಪಗೆ ಬೆಂದಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಪಕ್ಕದಲ್ಲಿ ಮೀನು ಮಾರುವ ಅಮ್ಮ ಮಗ್ಗಿನಿಂದ ಅವನ ತಲೆಗೆ ನೀರು ಹಾಕುತ್ತಿದ್ದಳು. ಸುತ್ತ ಜನ. ಅದರಲ್ಲಿ ಅರ್ಧ ಭಾವನ ಗಿರಾಕಿಗಳು. ಮೀನಿನ ಚೀಲ ಹಿಡಿದ ವಕೀಲರೂ ಇದ್ದರು.

"ನನ್ ನಾಯಿ" ಎಂದರು ಭಾವ, ಏದುಸಿರಿನಲ್ಲಿ.

ಆಕೆ ತಿರುಗಿಯೂ ನೋಡಲಿಲ್ಲ. "ನಿನ್ನ ನಾಯಿ ಯಾವ್ದು ಅಂತ ಊರಿಗೇ ಗೊತ್ತು ಕಣಯ್ಯ. ಕೈಯಲ್ಲೇ ಫೋಟೋ ಹಿಡ್ಕೊಂಡಿದೀಯ. ಇದು ಯಾವುದೋ ಪಾಪದ ಜೀವ. ಯಾವನೋ ಕಟುಕ ಹೀಗೆ ಮಾಡಿ ಬೀದಿಗೆ ಬಿಟ್ಟಿದಾನೆ. ಅವ್ನು ನನ್ನ ಕೈಗೆ ಸಿಗ್ಲಿ, ಈ ಚೂರೀಲೇ ಬೋಳಿಸ್ತೀನಿ."

"ದೊರೆ! ಬಾರೋ!" ಎಂದು ಭಾವ ಕರೆದರು. ದೊರೆ ಬಾಲ ಅಲ್ಲಾಡಿಸಿದ. ಆದರೆ ಅವನು ಎಲ್ಲರಿಗೂ ಬಾಲ ಅಲ್ಲಾಡಿಸುತ್ತಿದ್ದ, ವಕೀಲರಿಗೂ ಅಲ್ಲಾಡಿಸಿದ. ಮಂಜುಗಡ್ಡೆ ಬಿಟ್ಟು ಮಾತ್ರ ಏಳಲಿಲ್ಲ. ಹುಟ್ಟಿದಾಗಿನಿಂದ ಹಿಮವನ್ನೇ ಕಾಣದವನಿಗೆ ಮೊದಲ ಸಲ ತವರು ಸಿಕ್ಕಿತ್ತು.

"ನಿಮ್ದೇ ಅನ್ನೋಕೆ ಸಾಕ್ಷಿ ಏನಿದೆ ಮಾಸ್ಟ್ರೇ?" ಎಂದರು ವಕೀಲರು. ಕರಿಕೋಟಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಭಾವ ಅಕ್ಕನ ಕಡೆ ನೋಡಿದರು. "ರೀ, ಹೇಳ್ರೀ" ಎಂದಳು ಅಕ್ಕ.

ಭಾವ ಫೋಟೋವನ್ನು ಕೆಳಗಿಟ್ಟರು. ಮಂಜುಗಡ್ಡೆಯ ನೀರಿನಲ್ಲೇ ಮಂಡಿಯೂರಿ, ಗೋಣಿಚೀಲವನ್ನು ಒಂಚೂರು ಸರಿಸಿದರು.

"ಇಲ್ಲಿ ಎಡಭುಜದ ಮೇಲೆ ನೋಡಿ, ಮೆಟ್ಟಿಲು ಮೆಟ್ಟಿಲಾಗಿದೆ. ಮೆಷಿನ್ನು ಕಾದು ಹಿಡ್ಕೊಳ್ತು, ನಾನು ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಬಲಗಿವಿ ಹಿಂದೆ ಒಂದು ಗೀರಿದೆ. ಅದು ಕತ್ತರಿ ತಾಗಿದ್ದು. ಬಾಲದ ಬುಡದಲ್ಲಿ ಸರಿ ಮಾಡೋಕೆ ಹೋಗಿ ಇನ್ನೂ ಕೆಡಿಸಿದೀನಿ, ಬೇಕಾದ್ರೆ ಮುಟ್ಟಿ ನೋಡಿ." ಅವರ ಬೆರಳು ಎಲ್ಲೂ ತಡಕಾಡಲಿಲ್ಲ, ಹೇಳಿದ ಜಾಗಕ್ಕೆ ನೇರ ಹೋಯಿತು. "ನನ್ನ ಕೈಯಿಂದ ಇಷ್ಟು ಹಾಳು ಕಟಿಂಗ್ ಇನ್ನೊಂದಾಗಿಲ್ಲಮ್ಮ. ಮಾಡ್ಬೇಡಿ ಅಂತ ಡಾಕ್ಟ್ರು ಹೇಳಿದ್ರು, ಇವ್ಳು ಹೇಳಿದ್ಳು. ಅವ್ನು ಬೆಟ್ಟಕ್ಕೂ ಹೋಗಿರ್ಲಿಲ್ಲ, ಎಲ್ಲಿಗೂ ಹೋಗಿರ್ಲಿಲ್ಲ. ನಾನೇ ಬಚ್ಚಿಟ್ಟಿದ್ದೆ. ಆ ಕಟುಕ ನಾನೇ."

ಯಾರೋ ಕಿಸಕ್ಕನೆ ನಕ್ಕರು. ವಕೀಲರು ಚೀಲವನ್ನು ಕೈ ಬದಲಾಯಿಸಿಕೊಂಡು ಬೇರೆ ಕಡೆ ನೋಡಿದರು. ಮೀನಿನ ಅಮ್ಮ ಭಾವನ ಮುಖವನ್ನು ಬಹಳ ಹೊತ್ತು ನೋಡಿದಳು, ಚೂರಿ ಅವಳ ಪಕ್ಕದಲ್ಲೇ ಇತ್ತು. ಕೊನೆಗೆ ಮಗ್ಗನ್ನು ಅವರ ಕೈಗೆ ತುರುಕಿದಳು.

"ಹಾಕು ನೀರು. ತಲೆಗಷ್ಟೇ ಅಲ್ಲ, ಹೊಟ್ಟೆಗೂ ಹಾಕು. ಗೋಣಿ ಒಣಗೋಕೆ ಬಿಡ್ಬೇಡ."

ಭಾವ ನೀರು ಹಾಕಿದರು. ಬಗ್ಗಿದ ಅವರ ಮೂಗಿನ ತುದಿಯಿಂದಲೂ ನೀರು ಇಳಿಯುತ್ತಿತ್ತು, ಅದು ಮಗ್ಗಿನದಲ್ಲ. ದೊರೆ ನಿಧಾನಕ್ಕೆ ಕತ್ತೆತ್ತಿ, "ಆವೂ ರೂವ್" ಎಂದು ಅವರ ಮುಖಕ್ಕೇ ಏನೋ ಹೇಳಿದ. ಬೈಗುಳವೇ ಇರಬೇಕು, ಉದ್ದವಾಗಿತ್ತು. ಅಕ್ಕ ಅಳುತ್ತಲೇ ನಕ್ಕಳು.

ಮುಂದೆ ದೊರೆಯ ಕೂದಲು ಬಂತು. ತಿಂಗಳುಗಟ್ಟಲೆ ಕಾಯಿಸಿ, ತೇಪೆ ತೇಪೆಯಾಗಿ ಬಂತು. ಎಡಭುಜದ ಮೆಟ್ಟಿಲಿನ ಮೇಲೆ ಮಾತ್ರ ಇವತ್ತಿಗೂ ಸರಿಯಾಗಿ ಬಂದಿಲ್ಲ. ಭಾವ ದಿನಾ ಬೆಳಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವನಿಗೆ ಬಾಚುತ್ತಾರೆ, ಹಲಗೆಯ ಸಂದಿಗೆ ನಾನು ಬಟ್ಟೆ ತುರುಕಿದ್ದೇನೆ. ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಒದ್ದೆ ಗೋಣಿಯಲ್ಲಿ ಸುತ್ತಿದ ನಾಯಿಯನ್ನು ಮೀನಿನ ಕೈಗಾಡಿಯ ಮೇಲೆ, ಮಂಜುಗಡ್ಡೆಯ ನಡುವೆ ಮಲಗಿಸಿ, ಮೊದಲು ಪಶುವೈದ್ಯೆಯ ಹತ್ತಿರ ಒಯ್ದೆವು. ಅವರು ಗಂಡಾಂತರವಿಲ್ಲ ಎಂದ ಮೇಲೆ, ಪೇಟೆಯ ನಡುಬೀದಿಯಲ್ಲೇ ಮನೆಗೆ ಹೊರಟೆವು. ಗಾಡಿ ಎಳೆದದ್ದು ಭಾವ, ಮೇಲೆ ಕೂತು ಅತ್ತಿತ್ತ ನೋಡಿದ್ದು ದೊರೆ. ಅಂಗಡಿಯವರು ಎದ್ದು ಬಂದು ಕೇಳುವ ಮೊದಲೇ ಭಾವ ತಾವಾಗಿ ಹೇಳುತ್ತ ಬಂದರು, "ದೊರೇನೇ. ನಾನೇ ಬೋಳಿಸಿದ್ದು. ಹೌದು, ನಾನೇ."

ಅಂಗಡಿಯಲ್ಲಿ ಅಂಚೆಯಣ್ಣ ಇನ್ನೂ ಕುರ್ಚಿಯಲ್ಲೇ ಇದ್ದರು. ಅರ್ಧ ಮುಖದಲ್ಲಿ ಟಪಾಲು ಹಂಚಲು ಹೋಗುವುದು ಹೇಗೆಂದು ತಿಳಿಯದೆ ಕಾದು ಕಾದು ನಿದ್ದೆ ಹೋಗಿದ್ದರು. ಕೆನ್ನೆಯ ಮೇಲೆ ನೊರೆ ಒಣಗಿ ಸುಣ್ಣವಾಗಿತ್ತು. ನಿದ್ದೆಯಲ್ಲೂ ಒಂದು ಕೈ ಮೀಸೆಯ ಮೇಲೇ ಇತ್ತು.

ಭಾವ ದೊರೆಯನ್ನು ಫ್ಯಾನಿನ ಕೆಳಗೆ ಮಲಗಿಸಿ, ಕೈ ತೊಳೆದು ಬಂದು ಹೊಸದಾಗಿ ನೊರೆ ಹಚ್ಚಿದರು. ಅಂಚೆಯಣ್ಣ ಎಚ್ಚರಾಗಿ ಕನ್ನಡಿಯಲ್ಲಿ ಮೊದಲು ದೊರೆಯನ್ನು, ಆಮೇಲೆ ಭಾವನನ್ನು ನೋಡಿದರು. ಮೀಸೆಯ ಮೇಲಿನ ಕೈ ಇನ್ನಷ್ಟು ಬಿಗಿಯಾಯಿತು. ಭಾವ ಉಳಿದ ಕೆನ್ನೆ ಮುಗಿಸಿದರು. ಕತ್ತರಿ ಎತ್ತಿಕೊಂಡರು. ನಾನು ಹೊಲಿಗೆ ನಿಲ್ಲಿಸಿ ಹಲಗೆಯ ಸಂದಿಗೆ ಕಣ್ಣಿಟ್ಟೆ. ಭಾವ ಅಲ್ಲೇ ನಿಂತರು. ಕುರ್ಚಿ ಸುತ್ತಿ ಮುಂದಕ್ಕೆ ಬಂದು, ಅಂಚೆಯಣ್ಣನ ಮುಖಕ್ಕೆ ಎದುರಾಗಿ ನಿಂತರು.

"ಮೀಸೆ ಮುಟ್ಲಾ, ಬೇಡ್ವಾ?"

ಅಂಚೆಯಣ್ಣ ಗಾಬರಿಯಾದರು. "ಹುಷಾರಿದೀರಾ ಮಾಸ್ಟ್ರೇ?"

"ಹುಷಾರಿದೀನಿ. ನೀವು ಹೇಳಿ."

ಅಂಚೆಯಣ್ಣ "ತುದೀಲಿ ಒಂಚೂರು" ಎಂದು, ಮೀಸೆಯ ಮೇಲಿಂದ ಕೈ ತೆಗೆದರು.